ಮೂವರು ಸೇರಿ ಗೇಮ್ ಸ್ಟುಡಿಯೋ ಮಾಡಬೇಕು: ಕಂಪನಿ ಮೊದಲಾ, ಗೇಮ್ ಮೊದಲಾ?

ಮೂರನೇ ಲೈಫ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮೈಸೂರಲ್ಲಿ ಬಿಇ ಆರನೇ ಸೆಮ್. ನಾವು ಮೂರು ಜನ: ಇಬ್ಬರು ಕೋಡ್ ಬರೀತೀವಿ, ಒಬ್ಬಳು ಡ್ರಾಯಿಂಗ್ ಮತ್ತು ಬ್ಲೆಂಡರ್ (ತ್ರೀಡಿ ಸಾಫ್ಟ್‌ವೇರ್) ನೋಡ್ಕೋತಾಳೆ. ಡಿಗ್ರಿ ಮುಗಿಯೋದರೊಳಗೆ ಸ್ವಂತ ಇಂಡಿ ಸ್ಟುಡಿಯೋ ಶುರು ಮಾಡಬೇಕು ಅಂತ ಆಸೆ. ತಲೆಯಲ್ಲಿರೋ ಗೇಮ್: ವಿಜಯನಗರ ಕಾಲದ ಓಪನ್ ವರ್ಲ್ಡ್ ಆರ್‌ಪಿಜಿ (ದೊಡ್ಡ ಲೋಕದಲ್ಲಿ ಇಷ್ಟ ಬಂದ ಕಡೆ ಸುತ್ತೋ ಪಾತ್ರದ ಆಟ), ಕುದುರೆ ಸವಾರಿ, ಕತ್ತಿ ಕಾಳಗ, ಮಾತೆಲ್ಲ ಕನ್ನಡದಲ್ಲಿ. ಅನ್‌ರಿಯಲ್ ಇಂಜಿನ್‌ನಲ್ಲಿ (ಗೇಮ್ ಕಟ್ಟೋ ಸಾಫ್ಟ್‌ವೇರ್) ಮಾಡೋಣ ಅಂತಿದ್ದೀವಿ.

ಕೈಯಲ್ಲಿರೋದು 40 ಸಾವಿರ ರೂಪಾಯಿ, 8 ಜಿಬಿ ಮೆಮೊರಿಯ ಲ್ಯಾಪ್‌ಟಾಪ್‌ಗಳು, ಗ್ರಾಫಿಕ್ಸ್ ಕಾರ್ಡ್ ಇಲ್ಲ. ಪ್ರೈವೇಟ್ ಲಿಮಿಟೆಡ್ ಈಗಲೇ ಮಾಡಿಸಬೇಕಾ? ಮಾರೋದು ಎಲ್ಲಿ, ಪಿಸಿ ಗೇಮ್‌ಗಳ ಅಂಗಡಿ ಸ್ಟೀಮಾ, ಮೊಬೈಲ್‌ನ ಪ್ಲೇ ಸ್ಟೋರಾ? ದುಡ್ಡು ಬಂದರೆ ಎಷ್ಟು ಕೈಗೆ ಸಿಗುತ್ತೆ? ಕನ್ನಡ ಅಕ್ಷರ ಇಂಜಿನ್‌ನಲ್ಲಿ ಸರಿಯಾಗಿ ಬರುತ್ತಾ? ಗೊತ್ತಿರೋರು ದಯವಿಟ್ಟು ವಿವರವಾಗಿ ಹೇಳಿ.

ಬೂದು ಡಬ್ಬ

ಮೊದಲು ಗಂಟೆ ಲೆಕ್ಕ ಹಾಕಿ. ಮೂರು ಜನ, ವಾರಕ್ಕೆ ತಲಾ ಹತ್ತು ಗಂಟೆ. ಆರು ತಿಂಗಳಿಗೆ 26 ವಾರ. ಇಂಟರ್ನಲ್ಸ್, ಲ್ಯಾಬ್, ಸೆಮಿಸ್ಟರ್ ಎಕ್ಸಾಮ್ ಅಂತ ಆರು ವಾರ ತೆಗೆದರೆ ಉಳಿಯೋದು 20. ಒಟ್ಟು 600 ಗಂಟೆ. ದಿನಾ ಆಫೀಸಿಗೆ ಹೋಗಿ ವಾರಕ್ಕೆ 40 ಗಂಟೆ ದುಡಿಯೋ ಒಬ್ಬನ 15 ವಾರದ ಕೆಲಸ ಅಷ್ಟೇ ಅದು. ಓಪನ್ ವರ್ಲ್ಡ್ ಇದರಲ್ಲಿ ಹಿಡಿಸಲ್ಲ.

ನಿಮ್ಮ ಕುದುರೆ ಒಂದನ್ನೇ ನೋಡಿ. ಮಾಡೆಲ್, ರಿಗ್ (ಮಾಡೆಲನ್ನ ಆಡಿಸೋ ಮೂಳೆಗೂಡು). ನಿಲ್ಲೋದು, ನಡಿಗೆ, ಓಟ, ನಾಗಾಲೋಟ, ಜಿಗಿತ, ತಿರುಗೋದು. ಹತ್ತೋದು, ಇಳಿಯೋದು, ಅದೂ ಎಡಕ್ಕೊಂದು ಬಲಕ್ಕೊಂದು. ಪ್ರತಿಯೊಂದಕ್ಕೂ ಸವಾರನ ಭಂಗಿ ಬೇರೆ. ಇಳಿಜಾರಿನಲ್ಲಿ ನಾಲ್ಕೂ ಗೊರಸು ನೆಲಕ್ಕೆ ಕೂರಬೇಕು. ಬಂಡೆಗೆ ಗುದ್ದಿದರೆ ಏನಾಗುತ್ತೆ, ಸವಾರ ಇಳಿದು ಹೋದಮೇಲೆ ಕುದುರೆ ಎಲ್ಲಿ ನಿಂತಿರುತ್ತೆ, ಸೇವ್ ಮಾಡಿ ವಾಪಸ್ ಬಂದಾಗ ಅಲ್ಲೇ ಇರುತ್ತಾ? ಆ 600 ಗಂಟೆಯಲ್ಲಿ ದೊಡ್ಡ ಪಾಲು ಬರೀ ಕುದುರೆಗೆ ಹೋಗುತ್ತೆ. ಆಟ ಇನ್ನೂ ಶುರುವೇ ಆಗಿರಲ್ಲ.

ವಿಜಯನಗರ ಬಿಡಬೇಡಿ, ಕುದುರೆಯನ್ನೂ ಬಿಡಬೇಡಿ, ಹತ್ತೋದನ್ನ ಮಾತ್ರ ಬಿಡಿ. ಕುದುರೆಗಳು ಸಮುದ್ರ ದಾಟಿ ಪಶ್ಚಿಮ ಕರಾವಳಿಗೆ ಬಂದು ಅಲ್ಲಿಂದ ರಾಜಧಾನಿಗೆ ಹೋಗುತ್ತಿದ್ದವು. ದಾರಿಯಲ್ಲಿ ಒಂದು ಸುಂಕದ ಕಟ್ಟೆ. ಆಟಗಾರ ಸುಂಕದವನು. ಎತ್ತಿನ ಗಾಡಿ, ಕುದುರೆ ವ್ಯಾಪಾರಿ, ಮೆಣಸಿನ ಮೂಟೆ ಒಂದೊಂದಾಗಿ ಬರುತ್ತೆ. ತೂಗಬೇಕು, ಸುಳ್ಳು ಹಿಡೀಬೇಕು, ಬಿಡಬೇಕು ಇಲ್ಲ ತಡೀಬೇಕು. ಒಂದೇ ಪರದೆ, ಟೂಡಿ, ಪಕ್ಕದಿಂದ ಕಾಣೋ ಕುದುರೆಗೆ ಎಂಟು ಫ್ರೇಮಿನ ನಡಿಗೆ ಒಂದಿದ್ದರೆ ಸಾಕು. ಇದು ಉದಾಹರಣೆ ಮಾತ್ರ, ಇದನ್ನೇ ಮಾಡಿ ಅಂತಲ್ಲ. ಆದರೆ 600 ಗಂಟೆಗೆ ಹೊಂದೋ ಅಳತೆ ಇದು.

ಮೊದಲ ಎರಡು ವಾರ ಚಿತ್ರ ಬಿಡಿಸೋರು ಏನೂ ಬಿಡಿಸಬಾರದು. ಬೂದು ಡಬ್ಬಗಳಲ್ಲೇ ಆಟ ಕಟ್ಟಿ, ಗೊತ್ತಿಲ್ಲದ ಐದು ಜನರ ಕೈಗೆ ಕೊಟ್ಟು ಹಿಂದೆ ಬಾಯಿ ಮುಚ್ಚಿಕೊಂಡು ಕೂತ್ಕೊಳಿ. ‘ಅಲ್ಲಿ ಒತ್ತು’ ಅಂತ ಹೇಳಿದ ಕ್ಷಣ ಆ ಟೆಸ್ಟ್ ವ್ಯರ್ಥ. ಎಲ್ಲಿ ಕೈ ತಡೀತು, ಎಷ್ಟನೇ ನಿಮಿಷಕ್ಕೆ ಫೋನ್ ತೆಗೆದರು, ಇದೆರಡನ್ನು ಬರ್ಕೊಳಿ. ಡಬ್ಬದಲ್ಲೇ ಬೇಜಾರಾದ ಆಟ ಬಣ್ಣ ಬಳಿದಮೇಲೆ ಚೆನ್ನಾಗಾಗಲ್ಲ.

ಇಂಜಿನ್: ನಿಮ್ಮ ಲ್ಯಾಪ್‌ಟಾಪ್‌ಗೆ ಅನ್‌ರಿಯಲ್ 5 ಬೇಡವೇ ಬೇಡ, ಶೇಡರ್ (ಬಣ್ಣ, ಬೆಳಕಿನ ಕೋಡ್) ಕಂಪೈಲ್ ಆಗೋದನ್ನ ನೋಡ್ತಾ ಸೆಮಿಸ್ಟರ್ ಮುಗಿಯುತ್ತೆ. ಗೊಡೋ 4 ಅನ್ನೋ ಉಚಿತ ಇಂಜಿನ್ ತಗೊಳಿ. ಹೊಸ ಪ್ರಾಜೆಕ್ಟ್ ತೆರೆಯುವಾಗಲೇ ಕಂಪ್ಯಾಟಿಬಿಲಿಟಿ ರೆಂಡರರ್ (ಚಿತ್ರವನ್ನ ಪರದೆಗೆ ತರೋ ಭಾಗ) ಆರಿಸಿ; ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಅದು ಹಗುರ, ಮತ್ತು ಬ್ರೌಸರ್ ಬಿಲ್ಡ್‌ಗೆ (ಬ್ರೌಸರ್‌ನಲ್ಲೇ ಆಡೋ ಆವೃತ್ತಿಗೆ) ಬೇಕಾದದ್ದೂ ಅದೇ. ಕೋಡನ್ನ ಗೊಡೋದ ಸ್ವಂತ ಭಾಷೆ ಜಿಡಿಸ್ಕ್ರಿಪ್ಟ್‌ನಲ್ಲೇ ಬರೆಯಿರಿ, ಗೊಡೋ 4ರ ಸಿ-ಶಾರ್ಪ್ ಪ್ರಾಜೆಕ್ಟ್‌ಗೆ ವೆಬ್ ಎಕ್ಸ್‌ಪೋರ್ಟ್ ಇಲ್ಲ. ಗೊಡೋದ್ದು ಎಂಐಟಿ ಲೈಸೆನ್ಸ್, ಯಾರಿಗೂ ಪಾಲು ಕೊಡಬೇಕಾಗಿಲ್ಲ. ಯೂನಿಟಿ ಅನ್ನೋ ಇನ್ನೊಂದು ಇಂಜಿನ್‌ನ ಪರ್ಸನಲ್ ಆವೃತ್ತಿ ಕೂಡ ವರ್ಷಕ್ಕೆ 2 ಲಕ್ಷ ಡಾಲರ್ ಆದಾಯದವರೆಗೆ ಉಚಿತವೇ. 2023ರಲ್ಲಿ ಘೋಷಿಸಿದ್ದ ಇನ್‌ಸ್ಟಾಲ್ ಲೆಕ್ಕದ ಶುಲ್ಕವನ್ನ 2024ರಲ್ಲಿ ಅವರೇ ಕೈಬಿಟ್ಟರು. ಅನ್‌ರಿಯಲ್ ಶೇ. 5 ಕೇಳೋದು ಒಂದು ಗೇಮ್ 10 ಲಕ್ಷ ಡಾಲರ್ ದಾಟಿದಮೇಲೆ. ಹಾಗಾಗಿ ಲೈಸೆನ್ಸ್ ದುಡ್ಡಿನ ಚಿಂತೆಯಿಂದ ಇಂಜಿನ್ ಆರಿಸಬೇಡಿ, ಲ್ಯಾಪ್‌ಟಾಪ್ ನೋಡಿ ಆರಿಸಿ.

ಮೊದಲ ದಿನದಿಂದಲೇ ಗಿಟ್ (ಫೈಲ್‌ಗಳ ಬದಲಾವಣೆಗೆ ದಾಖಲೆ ಇಡೋ ಸಾಧನ). ಸೀನ್ ಫೈಲನ್ನ ಇಬ್ಬರು ಒಟ್ಟಿಗೆ ಮುಟ್ಟಿದರೆ ಮರ್ಜ್ ಮಾಡುವಾಗ ರಗಳೆ ಗ್ಯಾರಂಟಿ. ದೊಡ್ಡ ಸೀನ್ ಒಡೆದು ಚಿಕ್ಕ ಸೀನ್‌ಗಳನ್ನ ಮಾಡಿ, ಒಬ್ಬರಿಗೊಂದು. ಗಿಟ್‌ಹಬ್ 100 ಎಂಬಿಗಿಂತ ದೊಡ್ಡ ಫೈಲನ್ನ ತಗೊಳಲ್ಲ, ಚಿತ್ರದ ಮೂಲ ಫೈಲ್‌ಗಳಿಗೆ ಎಲ್‌ಎಫ್‌ಎಸ್ (ದೊಡ್ಡ ಫೈಲ್‌ಗಳಿಗಿರೋ ಗಿಟ್ ಸೌಲಭ್ಯ) ಹಾಕಿ. ಇನ್ನೊಂದು, ಚಲನೆಯನ್ನ ಫ್ರೇಮ್ ಎಣಿಸಿ ಬರೆಯಬೇಡಿ, ಡೆಲ್ಟಾದಿಂದ (ಹಿಂದಿನ ಫ್ರೇಮ್‌ನಿಂದ ಕಳೆದ ಸಮಯ) ಗುಣಿಸಿ. ಇಲ್ಲದಿದ್ದರೆ ನಿಮ್ಮ 60 ಹರ್ಟ್ಸ್ ಪರದೆಯಲ್ಲಿ ನಡೆಯೋ ಎತ್ತು ಇನ್ನೊಬ್ಬರ 144 ಹರ್ಟ್ಸ್ ಪರದೆಯಲ್ಲಿ ಓಡುತ್ತೆ.

ಒತ್ತಕ್ಷರ

ಕನ್ನಡದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ, ಇದನ್ನು ಎಲ್ಲರೂ ಕೊನೆಗೆ ಬಿಟ್ಟು ಒದ್ದಾಡುತ್ತಾರೆ.

ಯೂನಿಕೋಡ್‌ನಲ್ಲಿ ಕನ್ನಡಕ್ಕಿರುವುದು 128 ಸ್ಥಾನ. ಒತ್ತುಗಳಿಗೆ, ಅರ್ಕಾವತ್ತಿಗೆ ಅಲ್ಲಿ ಸ್ವಂತ ಸಂಖ್ಯೆ ಇಲ್ಲ. ಅವೆಲ್ಲ ಫಾಂಟ್ ಒಳಗಿನ ಆಕಾರಗಳು. ಅಕ್ಷರ, ಹಲಂತ, ಅಕ್ಷರ ಎಂಬ ಸಾಲನ್ನು ನೋಡಿ ಯಾವ ಆಕಾರ ಎಲ್ಲಿ ಕೂರಬೇಕು ಎಂದು ತೀರ್ಮಾನಿಸುವ ಕೆಲಸಕ್ಕೆ ಶೇಪಿಂಗ್ ಎನ್ನುತ್ತಾರೆ. ಯೂನಿಟಿಯಲ್ಲಿ ಅಕ್ಷರ ತೋರಿಸುವ ಟೆಕ್ಸ್ಟ್‌ಮೆಶ್ ಪ್ರೊ ಈ ಕೆಲಸ ಮಾಡುವುದಿಲ್ಲ. ಕನ್ನಡ ಫಾಂಟ್ ಹಾಕಿದರೂ ‘ರಾಷ್ಟ್ರ’ ಎಂಬುದು ‘ರಾಷ್‌ಟ್‌ರ’ ಎಂದು ಬಿಡಿಬಿಡಿಯಾಗಿ ಕಾಣುತ್ತದೆ. ಫಾಂಟ್ ಬದಲಾಯಿಸಿ ಬದಲಾಯಿಸಿ ಸುಸ್ತಾಗುವವರಿದ್ದಾರೆ, ತಪ್ಪು ಫಾಂಟ್‌ನದ್ದಲ್ಲ. ಗೊಡೋ 4ರಲ್ಲಿ ಶೇಪಿಂಗ್ ಮಾಡುವ ಹಾರ್ಫ್‌ಬಝ್ ಒಳಗೇ ಇದೆ, ಫಾಂಟ್‌ನ ಟಿಟಿಎಫ್ ಫೈಲನ್ನು ಎಳೆದು ಹಾಕಿದರೆ ಸಾಕು. ಗೊಡೋ 3ರಲ್ಲಿ ಇರಲಿಲ್ಲ, ಆದ್ದರಿಂದ ಹಳೆಯ ಟ್ಯುಟೋರಿಯಲ್ ನೋಡಿ ಹಳೆಯ ಆವೃತ್ತಿ ಇಳಿಸಿಕೊಳ್ಳಬೇಡಿ.

ಮೊದಲ ದಿನವೇ ಈ ಸಾಲನ್ನು ಪರದೆಗೆ ತಂದು ನೋಡಿ: ‘ಕರ್ನಾಟಕ ರಾಷ್ಟ್ರ ಶಾಸ್ತ್ರ ಜ್ಞಾನ ಕೃಷ್ಣ ಸ್ತ್ರೀ’. ಇದು ಸರಿ ಬಂದರೆ ಉಳಿದದ್ದೂ ಬಹುತೇಕ ಸರಿ ಬರುತ್ತದೆ. ನೋಟೋ ಸಾನ್ಸ್ ಕನ್ನಡ ಮುಕ್ತ ಲೈಸೆನ್ಸಿನದು, ಗೇಮ್ ಜೊತೆ ಹಂಚಬಹುದು. ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಬರೆದಿಟ್ಟ ಸಂಭಾಷಣೆ ಇದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.

ಅಕ್ಷರಗಳು ಒಂದೊಂದಾಗಿ ಟೈಪ್ ಆಗುವಂತೆ ತೋರಿಸುವ ಪರಿಣಾಮ ಎಲ್ಲರಿಗೂ ಇಷ್ಟ. ಕನ್ನಡದಲ್ಲಿ ಅದು ಕೆಡುತ್ತದೆ: ಮೊದಲು ‘ಸ’, ಆಮೇಲೆ ‘ಸ್’, ಆಮೇಲೆ ‘ಸ್ತ’, ಹೀಗೆ ಒಂದೇ ಅಕ್ಷರ ಕುಣಿಯುತ್ತದೆ. ಗೊಡೋದ ಲೇಬಲ್‌ನಲ್ಲಿ ಕಾಣುವ ಅಕ್ಷರಗಳ ವರ್ತನೆ (Visible Characters Behavior) ಎಂಬ ಆಯ್ಕೆ ಇದೆ. ಅದನ್ನು ಶೇಪಿಂಗ್ ಆದಮೇಲಿನದಕ್ಕೋ ಗ್ಲಿಫ್‌ಗೋ (ಫಾಂಟ್‌ನ ಆಕಾರ) ಬದಲಾಯಿಸಿದರೆ ಕುಣಿತ ನಿಲ್ಲುತ್ತದೆ. ಸಾಲಿನ ಅಂತರವನ್ನೂ ಹೆಚ್ಚಿಸಿ. ಇಂಗ್ಲಿಷ್‌ಗೆ ಅಳೆದು ಮಾಡಿದ ಬಟನ್‌ನಲ್ಲಿ ‘ಸ್ತ್ರ’ದ ಎರಡನೇ ಒತ್ತು ಕೆಳಗೆ ಕತ್ತರಿಸಿ ಹೋಗುತ್ತದೆ. 8 ಪಿಕ್ಸೆಲ್ ಎತ್ತರದ ಪಿಕ್ಸೆಲ್ ಫಾಂಟ್ ಕನ್ನಡಕ್ಕೆ ಆಗದ ಮಾತು.

ಕೊನೆಯದು ವ್ಯಾಕರಣ. ಹೆಸರಿನ ಮುಂದೆ ಕೋಡ್‌ನಿಂದ ‘ಗೆ’ ಅಂಟಿಸಬೇಡಿ. ರಾಮನಿಗೆ, ಸೀತೆಗೆ, ಗುರುವಿಗೆ, ಬಸವಣ್ಣನವರಿಗೆ, ಇಷ್ಟಕ್ಕೂ ಒಂದೇ ಸೂತ್ರ ಇಲ್ಲ. ‘ನಿನಗೆ 3 ಕತ್ತಿಗಳು ಸಿಕ್ಕವು’ ಎನ್ನುವ ಬದಲು ‘ಸಿಕ್ಕಿದ್ದು: ಕತ್ತಿ × 3’ ಎಂದು ಬರೆದರೆ ಬಹುವಚನ, ವಿಭಕ್ತಿ ಎರಡರ ಕಾಟವೂ ಇಲ್ಲ. ಸುಂಕದವನು ಸಾಮಂತನಿಗೆ ‘ತಾವು’, ವ್ಯಾಪಾರಿಗೆ ‘ನೀವು’, ಗಾಡಿ ಹೊಡೆಯುವವನಿಗೆ ‘ನೀನು’ ಎನ್ನಬೇಕಾಗುತ್ತದೆ. ಇಂಗ್ಲಿಷ್‌ನಲ್ಲಿ ಬರೆದು ಅನುವಾದಿಸಿದರೆ ಇದು ಕೈತಪ್ಪುತ್ತದೆ; ಕನ್ನಡದಲ್ಲೇ ಬರೆದು ಇಂಗ್ಲಿಷ್‌ಗೆ ಒಯ್ಯಿರಿ.

ಕ್ಯಾಪ್ಸೂಲ್ ಕಲಾ

ಸ್ಟೀಮ್ ಬಗ್ಗೆ. ಒಂದು ಗೇಮ್‌ಗೆ 100 ಡಾಲರ್ ಕಟ್ಟಬೇಕು, ಆ ಗೇಮ್ 1,000 ಡಾಲರ್ ವಹಿವಾಟು ಮಾಡಿದಮೇಲೆ ಅದು ವಾಪಸ್ ಬರುತ್ತೆ. ದುಡ್ಡು ಕಟ್ಟಿದ ದಿನದಿಂದ 30 ದಿನ ಆಗೋವರೆಗೆ ಬಿಡುಗಡೆ ಮಾಡೋಕೆ ಬಿಡಲ್ಲ. ‘ಶೀಘ್ರದಲ್ಲಿ’ (ಕಮಿಂಗ್ ಸೂನ್) ಪುಟ ಕನಿಷ್ಠ ಎರಡು ವಾರ ಸಾರ್ವಜನಿಕವಾಗಿರಬೇಕು. ಪುಟಕ್ಕೂ ಬಿಲ್ಡ್‌ಗೂ ಬೇರೆ ಬೇರೆ ಪರಿಶೀಲನೆ, ಒಂದೊಂದಕ್ಕೆ 3ರಿಂದ 5 ಕೆಲಸದ ದಿನ. ತಿರಸ್ಕಾರ ಆದರೆ ಮತ್ತೆ ಸಾಲು. ಆದರೆ ಎರಡು ವಾರ ಅನ್ನೋದು ಕನಿಷ್ಠ ನಿಯಮ, ಒಳ್ಳೇದು ಅಂತಲ್ಲ. ಪುಟವನ್ನ ಆರು ತಿಂಗಳು ಮೊದಲೇ ತೆರೆದು ವಿಶ್‌ಲಿಸ್ಟ್ ಕೂಡಿಹಾಕಬೇಕು.

40 ಸಾವಿರದಲ್ಲಿ ಅತಿ ದೊಡ್ಡ ಖರ್ಚು ಮುಖಚಿತ್ರಕ್ಕೆ ಇರಲಿ, ಸ್ಟೀಮ್ ಅದನ್ನ ಕ್ಯಾಪ್ಸೂಲ್ ಅನ್ನುತ್ತೆ. ಅಳತೆ ಪಿಕ್ಸೆಲ್‌ನಲ್ಲಿ: ಮುಖ್ಯ ಕ್ಯಾಪ್ಸೂಲ್ 1232×706, ಹೆಡರ್ 920×430, ಚಿಕ್ಕದು 462×174, ಲೈಬ್ರರಿಗೆ 600×900. ದೊಡ್ಡದರಲ್ಲಿ ಸುಂದರವಾಗಿ ಕಾಣೋ ಹೆಸರು ಚಿಕ್ಕದರಲ್ಲಿ ಓದೋಕಾಗದೆ ಹೋಗೋದೇ ಸಾಮಾನ್ಯ ತಪ್ಪು. ಚಿಕ್ಕದನ್ನ ಮೊದಲು ಬಿಡಿಸಿ, ದೊಡ್ಡದನ್ನ ಆಮೇಲೆ. ಸ್ಕ್ರೀನ್‌ಶಾಟ್ ಕನಿಷ್ಠ ಐದು, ಐದೂ ಆಟದೊಳಗಿನದೇ ಆಗಿರಬೇಕು. ಎಐಯಿಂದ ಮಾಡಿದ ಚಿತ್ರ, ದನಿ ಏನಿದ್ದರೂ 2024ರಿಂದ ಫಾರ್ಮ್‌ನಲ್ಲಿ ಹೇಳಲೇಬೇಕು, ಅದು ಪುಟದಲ್ಲಿ ಎಲ್ಲರಿಗೂ ಕಾಣುತ್ತೆ.

ಕೈಗೆ ಎಷ್ಟು ಅಂತ ಕೇಳಿದ್ದೀರಿ. ಊಹೆಯ ಲೆಕ್ಕ ಹೀಗೆ ಹಾಕಿ: ಬೆಲೆ 10 ಡಾಲರ್. ದೇಶವಾರು ಕಡಿಮೆ ದರ, ಸೇಲ್ ಎಲ್ಲ ಸೇರಿ ಸರಾಸರಿ 6 ಡಾಲರ್ ಅಂತಿಟ್ಟುಕೊಳ್ಳಿ. 1,000 ಪ್ರತಿಗೆ 6,000. ರಿಫಂಡ್ ಶೇ. 10 ಹೋದರೆ 5,400. ಆಯಾ ದೇಶಗಳ ಮಾರಾಟ ತೆರಿಗೆ ಸುಮಾರು ಶೇ. 10 ಹೋದರೆ 4,860. ಸ್ಟೀಮ್ ಪಾಲು ಶೇ. 30 ಹೋದರೆ 3,402. ಅಮೆರಿಕದಲ್ಲಿ ಮಾರಾಟ ಆದ ಭಾಗದ ಮೇಲೆ ಅಲ್ಲಿನ ತೆರಿಗೆ ಕಡಿತ ಶೇ. 15, ಒಟ್ಟಿನ ಶೇ. 40 ಮಾರಾಟ ಅಲ್ಲೇ ಅಂದುಕೊಂಡರೆ ಇನ್ನೊಂದು 204 ಹೋಗಿ 3,198. ಡಾಲರ್‌ಗೆ 85 ರೂಪಾಯಿಯಂತೆ ಹಿಡಿದರೆ ಸುಮಾರು 2.72 ಲಕ್ಷ. ಮೂರು ಜನ ಒಂದು ವರ್ಷ ಕೆಲಸ ಮಾಡಿದ್ದರೆ ತಲಾ ತಿಂಗಳಿಗೆ ಏಳೂವರೆ ಸಾವಿರ. ಅದೂ 1,000 ಪ್ರತಿ ಮಾರಿದರೆ! ಬಾಡಿಗೆ, ಸಂಬಳ ಇರೋ ಆಫೀಸಿನ ಕನಸು ಈ ಸಂಖ್ಯೆಯ ಎದುರು ಇಟ್ಟು ನೋಡಿ.

ಎರಡು ಗಂಟೆಗಿಂತ ಕಡಿಮೆ ಆಡಿ, ಕೊಂಡು 14 ದಿನದೊಳಗೆ ಕೇಳಿದರೆ ಸ್ಟೀಮ್ ದುಡ್ಡು ವಾಪಸ್ ಕೊಡುತ್ತೆ. 40 ನಿಮಿಷದ ಗೇಮ್‌ಗೆ 10 ಡಾಲರ್ ಇಟ್ಟರೆ ಮುಗಿಸಿ ವಾಪಸ್ ಮಾಡೋರು ಇರ್ತಾರೆ. ಚಿಕ್ಕ ಗೇಮ್‌ಗೆ ಚಿಕ್ಕ ಬೆಲೆ.

ಪ್ಲೇ ಸ್ಟೋರ್‌ಗೆ ಒಂದೇ ಸಲ 25 ಡಾಲರ್. ನವೆಂಬರ್ 13, 2023ರ ನಂತರ ತೆರೆದ ವೈಯಕ್ತಿಕ ಖಾತೆಯಾದರೆ 12 ಜನ ಟೆಸ್ಟರ್‌ಗಳು ಸತತ 14 ದಿನ ಕ್ಲೋಸ್ಡ್ ಟೆಸ್ಟ್‌ನಲ್ಲಿ (ಕರೆದವರಿಗೆ ಮಾತ್ರ ಇರೋ ಪರೀಕ್ಷೆ) ಇದ್ದಮೇಲೆ ಮಾತ್ರ ಬಿಡುಗಡೆಗೆ ಅರ್ಜಿ. ಮೊಬೈಲ್‌ನಲ್ಲಿ ಜನ ದುಡ್ಡು ಕೊಟ್ಟು ಇಳಿಸ್ಕೊಳೋದು ಅಪರೂಪ, ಜಾಹೀರಾತಿನ ಮೇಲೆ ನಡೆಯೋ ಗೇಮ್‌ಗೆ ಲಕ್ಷಗಟ್ಟಲೆ ಆಟಗಾರರು ಬೇಕು. ನಿಮಗದು ಎರಡನೇ ಹೆಜ್ಜೆ. ಮೊದಲ ಬಿಲ್ಡ್ ಇಚ್.ಐಒ ಅನ್ನೋ ಇಂಡಿ ಗೇಮ್ ತಾಣದಲ್ಲಿ ಬ್ರೌಸರ್‌ನಲ್ಲೇ ಆಡೋ ಹಾಗೆ ಉಚಿತವಾಗಿ ಹಾಕಿ, ಅದಕ್ಕೆ ಯಾವ ಶುಲ್ಕವೂ ಇಲ್ಲ.

ಲೆಡ್ಜರ್

ಪ್ರೈವೇಟ್ ಲಿಮಿಟೆಡ್ ಈಗ ಬೇಡ. ಒಂದು ರೂಪಾಯಿ ವಹಿವಾಟು ಇಲ್ಲದಿದ್ದರೂ ಪ್ರತಿ ವರ್ಷ ಆಡಿಟ್, ಕಂಪನಿ ರಿಜಿಸ್ಟ್ರಾರ್‌ಗೆ ವಾರ್ಷಿಕ ಫೈಲಿಂಗ್ ಕಡ್ಡಾಯ. ನಿಮ್ಮ 40 ಸಾವಿರದಲ್ಲಿ ದೊಡ್ಡ ಪಾಲು ಗೇಮ್ ಮುಟ್ಟುವ ಮೊದಲೇ ಅಲ್ಲಿಗೆ ಹೋಗುತ್ತದೆ. ಮುಚ್ಚುವುದಕ್ಕೂ ಖರ್ಚು, ಅಲೆದಾಟ.

ಸ್ಟೀಮ್‌ಗೆ ಕಂಪನಿಯೇ ಬೇಕಿಲ್ಲ. 18 ತುಂಬಿದ ಒಬ್ಬರ ಹೆಸರಲ್ಲಿ ಖಾತೆ ತೆರೆಯಬಹುದು. ಗಮನಿಸಿ: ಕಾನೂನು ಹೆಸರು, ಬ್ಯಾಂಕ್ ಖಾತೆ, ಪ್ಯಾನ್ ಮೂರರಲ್ಲೂ ಕಾಗುಣಿತ ಒಂದೇ ಇರಬೇಕು. ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದರೆ ಪಾವತಿ ಅಲ್ಲೇ ನಿಲ್ಲುತ್ತದೆ, ನಮ್ಮ ಕಡೆ ಇದು ತೀರಾ ಸಾಮಾನ್ಯ. ಅಂಗಡಿ ಪುಟದಲ್ಲಿ ಕಾಣುವ ಸ್ಟುಡಿಯೋ ಹೆಸರು ನಿಮ್ಮಿಷ್ಟ. ಸ್ಟೀಮ್‌ನ ತೆರಿಗೆ ಪ್ರಶ್ನಾವಳಿಯಲ್ಲಿ ಪ್ಯಾನ್ ಸಂಖ್ಯೆ ಕೊಟ್ಟು ಭಾರತ–ಅಮೆರಿಕ ಒಪ್ಪಂದದ ಸೌಲಭ್ಯ ಕೇಳಿದರೆ ಅಮೆರಿಕದ ತೆರಿಗೆ ಕಡಿತ ಶೇ. 30ರ ಬದಲು 15. ಮೇಲಿನ ಲೆಕ್ಕ 15ರದ್ದೇ. ಆ ಕಡಿತವನ್ನು ಇಲ್ಲಿ ರಿಟರ್ನ್ ಸಲ್ಲಿಸುವಾಗ ಕ್ರೆಡಿಟ್ ಆಗಿ ಕೇಳಬಹುದು, ಅದಕ್ಕೆ ವರ್ಷ ಮುಗಿದಮೇಲೆ ಬರುವ 1042-ಎಸ್ ಚೀಟಿ (ಆ ಕಡಿತದ ದಾಖಲೆ) ಇಟ್ಟುಕೊಳ್ಳಿ. ಬಾಕಿ 100 ಡಾಲರ್ ಆಗುವವರೆಗೆ ಸ್ಟೀಮ್ ಹಣ ಕಳಿಸುವುದಿಲ್ಲ. ಜಿಎಸ್‌ಟಿ ನೋಂದಣಿಯ ಮಿತಿ ಸೇವೆಗಳಿಗೆ ವರ್ಷಕ್ಕೆ 20 ಲಕ್ಷ, ಸದ್ಯಕ್ಕೆ ನಿಮ್ಮಿಂದ ದೂರ.

ಆದರೆ ಮೂವರ ನಡುವಿನ ಕಾಗದ ಇವತ್ತೇ ಬೇಕು. ಖಾತೆ ಒಬ್ಬರ ಹೆಸರಲ್ಲಿ ಇರುವುದರಿಂದ ಇನ್ನೂ ಹೆಚ್ಚು ಬೇಕು. ಪಾಲು ಎಷ್ಟೆಷ್ಟು, ಪ್ಲೇಸ್‌ಮೆಂಟ್ ಆಗಿ ಒಬ್ಬರು ಅರ್ಧಕ್ಕೆ ಬಿಟ್ಟರೆ ಆ ಪಾಲು ಏನಾಗುತ್ತದೆ, ಕೋಡ್, ಚಿತ್ರ ಯಾರದ್ದು. ಪಾಲನ್ನು ಒಮ್ಮೆಗೇ ಕೊಡದೆ, ಮುಗಿಸಿದ ಹಂತಕ್ಕೆ ಇಷ್ಟು ಎಂದು ಕಟ್ಟಿ.

ಸಂಗೀತಕ್ಕೆ ಹೊರಗಿನವರನ್ನು ಹಿಡಿದರೆ ವಾಟ್ಸಾಪ್‌ನ ‘ಓಕೆ ಡನ್’ ಸಾಲದು. 1957ರ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕು ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಎಂದೇ ಅರ್ಥ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಸ್ಟೀಮ್‌ನಲ್ಲಿ ಜಗತ್ತಿಗೆಲ್ಲ ಮಾರುವ ಗೇಮ್‌ಗೆ ಭಾರತದ ಹಕ್ಕು ಮಾತ್ರ ಇಟ್ಟುಕೊಂಡರೆ ಏನು ಪ್ರಯೋಜನ? ವರ್ಗಾಯಿಸಿದ ಹಕ್ಕನ್ನು ಒಂದು ವರ್ಷದಲ್ಲಿ ಬಳಸದಿದ್ದರೆ ಅದು ಬಿದ್ದುಹೋಗುತ್ತದೆ, ಒಪ್ಪಂದದಲ್ಲಿ ಬೇರೆ ರೀತಿ ಹೇಳಿರದಿದ್ದರೆ. ‘ಕೃತಿಸ್ವಾಮ್ಯದ ಪೂರ್ಣ ಅವಧಿ, ಜಗತ್ತಿನಾದ್ಯಂತ, ಒಂದು ವರ್ಷದ ನಿಯಮ ಅನ್ವಯಿಸದು’ ಎಂಬ ಮೂರು ಮಾತು ಸೇರಿಸಿ. ಉಚಿತ ಶಬ್ದಗಳನ್ನು ಇಳಿಸಿಕೊಳ್ಳುವಾಗ ಪ್ರತಿಯೊಂದರ ಲೈಸೆನ್ಸ್ ಬೇರೆ. ಎನ್‌ಸಿ (ವಾಣಿಜ್ಯ ಬಳಕೆಗಿಲ್ಲ) ಎಂದಿದ್ದರೆ ಮಾರುವ ಗೇಮ್‌ಗೆ ಹಾಕುವಂತಿಲ್ಲ. ಫೈಲ್, ಕೊಂಡಿ, ಲೈಸೆನ್ಸ್, ತಾರೀಖು ಎಂದು ಒಂದು ಶೀಟ್ ಇಡಿ.

ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಅಥವಾ ಕಂಪನಿ ಬೇಕಾಗುವುದು ಅನುದಾನ, ಹೂಡಿಕೆ ಕೇಳುವಾಗ. ಸರ್ಕಾರದ ಸ್ಟಾರ್ಟಪ್ ಮಾನ್ಯತೆ ಒಬ್ಬರ ಮಾಲೀಕತ್ವದ ವ್ಯವಹಾರಕ್ಕೆ ಸಿಗುವುದಿಲ್ಲ. ಕರ್ನಾಟಕದ ಎಲಿವೇಟ್ ಯೋಜನೆಯಲ್ಲಿ 50 ಲಕ್ಷದವರೆಗೆ ಅನುದಾನವಿದೆ, ಅನಿಮೇಷನ್–ಗೇಮಿಂಗ್‌ಗೆ ರಾಜ್ಯದ 2024–29ರ ಪ್ರತ್ಯೇಕ ನೀತಿಯೂ ಇದೆ. ಅಲ್ಲಿಗೆ ಬರಿಗೈಲಿ ಹೋಗುವುದಕ್ಕಿಂತ ಜನ ಆಡಿರುವ ಡೆಮೊ ಹಿಡಿದು ಹೋಗಿ.

ಮೂರನೇ ಲೈಫ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸುಂಕದ ಕಟ್ಟೆ ಮೂವರಿಗೂ ಹಿಡಿಸಿತು, ನಾಗಾಲೋಟ ಕ್ಯಾನ್ಸಲ್. ಎರಡು ಡೌಟ್: ಆ 12 ಟೆಸ್ಟರ್ ನಮ್ಮ ಕ್ಲಾಸ್‌ನವರೇ ಆದರೆ ನಡೆಯುತ್ತಾ? ಸ್ಟೀಮ್ ನೆಕ್ಸ್ಟ್ ಫೆಸ್ಟ್‌ಗೆ (ಬರಲಿರೋ ಗೇಮ್‌ಗಳ ಡೆಮೊ ಹಬ್ಬ) ಈಗಲೇ ಹಾಕಿಬಿಡೋಣ್ವಾ?

ಕ್ಯಾಪ್ಸೂಲ್ ಕಲಾ

ಕ್ಲಾಸ್‌ನವರೇ ಆಗಲಿ, ಅಡ್ಡಿಯಿಲ್ಲ. 12 ಅಂದರೆ 12ಕ್ಕೇ ನಿಲ್ಲಿಸಬೇಡಿ, 18–20 ಜನ ಇಟ್ಟುಕೊಳ್ಳಿ. ಮಧ್ಯೆ ಯಾರೋ ಒಬ್ಬ ಟೆಸ್ಟ್‌ನಿಂದ ಹೊರಗೆ ಹೋಗಿ ಸಂಖ್ಯೆ 12ಕ್ಕಿಂತ ಕೆಳಗಿಳಿದರೆ 14 ದಿನದ ಎಣಿಕೆ ಕೆಡುತ್ತೆ. ಅರ್ಜಿ ಹಾಕುವಾಗ ಟೆಸ್ಟರ್‌ಗಳು ಏನು ಹೇಳಿದರು, ನೀವೇನು ಬದಲಿಸಿದಿರಿ ಅಂತ ಕೇಳ್ತಾರೆ, ಅದಕ್ಕೆ ದಿನದಿನದ ಟಿಪ್ಪಣಿ ಇರಲಿ. ಪರೀಕ್ಷೆಯ ವಾರದಲ್ಲಂತೂ ಶುರು ಮಾಡಬೇಡಿ.

ನೆಕ್ಸ್ಟ್ ಫೆಸ್ಟ್ ವರ್ಷಕ್ಕೆ ಮೂರು ಸಲ ಬರುತ್ತೆ: ಫೆಬ್ರವರಿ, ಜೂನ್, ಅಕ್ಟೋಬರ್. ಒಂದು ಗೇಮ್‌ಗೆ ಒಂದೇ ಅವಕಾಶ, ಡೆಮೊ ಕಡ್ಡಾಯ. ಅರ್ಧಬೆಂದ ಡೆಮೊ ಹಾಕಿ ಆ ಒಂದು ಅವಕಾಶ ಕಳ್ಕೋಬೇಡಿ. ಬಿಡುಗಡೆಗೆ ಸ್ವಲ್ಪ ಮೊದಲು ಬರೋ ಫೆಸ್ಟ್ ಹಿಡೀರಿ, ಅಷ್ಟರಲ್ಲಿ ಡೆಮೊ ಒಂದೆರಡು ತಿಂಗಳು ಜನರ ಕೈಯಲ್ಲಿ ತಿಕ್ಕಿಸಿಕೊಂಡಿರಬೇಕು.

ಬೂದು ಡಬ್ಬ

ಇನ್ನೊಂದು ಸೇರಿಸ್ತೀನಿ. ಡೆಮೊದ ಸೇವ್ ಫೈಲ್‌ನಲ್ಲಿ ಮೊದಲ ಸಾಲೇ ಆವೃತ್ತಿ ಸಂಖ್ಯೆ ಇರಲಿ. ಆಟದೊಳಗಿನ ಆರನೇ ದಿನದ ಸುಂಕದ ನಿಯಮ ನೀವು ಬದಲಿಸಿದ ದಿನ, ಹಳೇ ಸೇವ್ ತೆರೆದವರ ಆಟ ಕುಸಿದು ಬೀಳುತ್ತೆ. ಸಂಖ್ಯೆ ಇದ್ದರೆ ಹಳೆಯದನ್ನ ಗುರುತಿಸಿ ಪರಿವರ್ತಿಸಬಹುದು. ಬರೆಯುವಾಗ ಬೇರೆ ಹೆಸರಿನ ಫೈಲ್‌ಗೆ ಬರೆದು, ಪೂರ್ತಿ ಆದಮೇಲೆ ಹೆಸರು ಬದಲಿಸಿ. ಕರೆಂಟ್ ಹೋಗಿ ಅರ್ಧ ಬರೆದ ಸೇವ್ ಫೈಲ್ ನಮ್ಮ ಊರುಗಳಲ್ಲಿ ಹೊಸದೇನಲ್ಲ.